ಚೊಚ್ಚಲ ಬಾಣಂತನ: ಅಂದುಕೊಂಡದ್ದು, ಆದದ್ದು

(ಮಹಿಳಾ ಕಾಲೇಜೊಂದರ ವಾರ್ಷಿಕ ದತ್ತಿ ಉಪನ್ಯಾಸದ ಬರಹರೂಪ)



ಈ ದತ್ತಿಯನ್ನು ಒಬ್ಬ ತಾಯಿಯ ನೆನಪಿಗೆ ಆಕೆಯ ಮಕ್ಕಳು ಇಟ್ಟಿದ್ದಾರೆ. ಆಹ್ವಾನದ ಜೊತೆ ಕಳಿಸಿದ್ದ ಪರಿಚಯದ ಹಾಳೆಯಲ್ಲಿ, ಆಕೆ ಏಳು ಹೆತ್ತು ಐವರನ್ನು ಉಳಿಸಿಕೊಂಡವರು ಎಂದು ಒಂದು ಸಾಲಿತ್ತು. ಅದರ ಮುಂದಿನ ಸಾಲು ಆಕೆ ಕಟ್ಟಿಸಿದ ಶಾಲೆಯ ಕೋಣೆಗೆ ಹೋಗಿಬಿಟ್ಟಿತ್ತು. ಕರೆದವರು, ವಿಷಯ ನೀವೇ ಆರಿಸಿಕೊಳ್ಳಿ ಅಂದರು. ಆ ಎರಡು ಸಾಲುಗಳ ನಡುವೆ ಇರುವ ಜಾಗವನ್ನೇ ಆರಿಸಿಕೊಂಡಿದ್ದೇನೆ.

ನಾನು ಸಾಹಿತಿಯಲ್ಲ. ಮೂವತ್ತೆಂಟು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ, ಬಹುಪಾಲು ಹೆರಿಗೆ ವಾರ್ಡಿನಲ್ಲಿ, ಸ್ಟಾಫ್ ನರ್ಸ್ ಆಗಿ ದುಡಿದವಳು. ಎಷ್ಟು ಕೂಸುಗಳನ್ನು ಈ ಕೈಯಲ್ಲಿ ಎತ್ತಿಕೊಂಡೆ ಎಂದು ನಾನು ಲೆಕ್ಕ ಇಡಲಿಲ್ಲ. ಲೆಕ್ಕವೆಲ್ಲ ರಿಜಿಸ್ಟರ್‌ನಲ್ಲಿತ್ತು. ಹುಟ್ಟಿದ ಹೊತ್ತು, ತೂಕ, ಗಂಡೋ ಹೆಣ್ಣೋ, ಹುಟ್ಟಿದ ಕೂಡಲೇ ಅತ್ತಿತೋ ಇಲ್ಲವೋ. ತಾಯಿಯದೂ ಬರೆಯುತ್ತಿದ್ದೆವು: ನಾಡಿ, ಬಿ.ಪಿ., ರಕ್ತಸ್ರಾವ. ಆದರೆ ತಾಯಿ ಅತ್ತಳೋ ಇಲ್ಲವೋ ಎಂದು ಬರೆಯಲು ಖಾನೆ ಇರಲಿಲ್ಲ. ಖಾನೆ ಇಲ್ಲದ್ದನ್ನು ನಾವು ನೋಡುತ್ತಲೂ ಇರಲಿಲ್ಲ. ಮೂರನೇ ದಿನ, ನಾಲ್ಕನೇ ದಿನ ಮಗ್ಗುಲಾಗಿ ಗೋಡೆ ಕಡೆ ತಿರುಗಿಕೊಂಡು ಅಳುತ್ತಿದ್ದ ಹುಡುಗಿಯರಿಗೆ, "ಬಾಣಂತಿ ಅತ್ರೆ ಕಣ್ಣಿಗಾಗಲ್ಲ ಕಣಮ್ಮ, ಎದ್ದು ಕೂತ್ಕೋ, ಕೂಸಿಗೆ ಹಾಲು ಕೊಡು" ಎಂದು ಆಯಾ ಗದರುತ್ತಿದ್ದಳು. ನಾನೂ ಗದರಿದ್ದೇನೆ. ಮುತ್ತಿನಂಥ ಮಗು ಮಡಿಲಲ್ಲಿದೆ, ಅಳುವುದಕ್ಕೇನಿದೆ ಎಂದು ನನಗೆ ಪ್ರಾಮಾಣಿಕವಾಗಿಯೇ ಅನ್ನಿಸುತ್ತಿತ್ತು.

1988ರಲ್ಲಿ ನನ್ನ ಚೊಚ್ಚಲ ಹೆರಿಗೆ. ಅಷ್ಟು ಹೊತ್ತಿಗೆ ನೌಕರಿಗೆ ಸೇರಿ ನಾಲ್ಕು ವರ್ಷವಾಗಿತ್ತು. ಬೇನೆ ಹೇಗೆ ಏರುತ್ತದೆ, ಹೊಲಿಗೆ ಎಷ್ಟು ದಿನಕ್ಕೆ ಮಾಯುತ್ತದೆ, ಕೂಸನ್ನು ಎದೆಗೆ ಹೇಗೆ ಹಿಡಿಯಬೇಕು, ಎಲ್ಲ ಗೊತ್ತಿತ್ತು. ಊರಿನಲ್ಲಿ ಅಮ್ಮನಿಗೆ, "ನೀನು ಸುಮ್ನಿರು, ನಂಗೆ ಎಲ್ಲಾ ಗೊತ್ತು" ಎಂದು ಮೊದಲೇ ಹೇಳಿಟ್ಟಿದ್ದೆ. ಅಮ್ಮ ಏನೂ ಅನ್ನಲಿಲ್ಲ.

ಒಂಬತ್ತನೆಯ ರಾತ್ರಿ. ಹಾಸನ ಜಿಲ್ಲೆಯ ನಮ್ಮ ಹಳ್ಳಿ ಮನೆ, ಕರೆಂಟಿಲ್ಲ, ಮೂಲೆಯಲ್ಲಿ ಲಾಟೀನು. ಕೂಸು ಅಳುತ್ತಿತ್ತು. ಹಾಲು ಕೊಟ್ಟಿದ್ದೆ, ಬಟ್ಟೆ ಬದಲಾಯಿಸಿದ್ದೆ, ತೇಗಿಸಿದ್ದೆ. ನರ್ಸಿಂಗ್ ಸ್ಕೂಲಿನಲ್ಲಿ ಕಲಿಸಿದ್ದೆಲ್ಲ ಮುಗಿದಿತ್ತು. ಲಾಟೀನಿನ ಬೆಳಕಲ್ಲಿ ಆ ಕೆಂಪು ಮುಖ ನೋಡುತ್ತಾ ನನಗೆ ಬಂದ ಯೋಚನೆ ಇದು: ನನ್ನ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯುತ್ತೆ? ಚಾರ್ಜ್ ಯಾರಿಗೆ ಕೊಡಬೇಕು? ಇದರ ಮನೆಯವರು ಎಲ್ಲಿ?

ಆ ಮೇಲೆ ಎಚ್ಚರವಾದ ಹಾಗಾಯಿತು. ಮನೆಯವರು ಅಂದರೆ ನಾನೇ.

ಈ ಮಾತನ್ನು ನಾನು ಬಹಳ ವರ್ಷ ಯಾರ ಹತ್ತಿರವೂ ಆಡಲಿಲ್ಲ. "ಹೆತ್ತವರಿಗೆ ಹೆಗ್ಗಣ ಮುದ್ದು" ಅನ್ನುವ ಗಾದೆ ಇರುವ ಭಾಷೆ ನಮ್ಮದು. ಹೆಗ್ಗಣವೇ ಮುದ್ದಾಗುವುದಾದರೆ, ಏಳು ಪೌಂಡಿನ ಹೆಣ್ಣು ಕೂಸಿನ ಮೇಲೂ ಮುದ್ದು ಬರದ ನನ್ನಂಥವಳಿಗೆ ಏನು ಹೆಸರು? ಗಾದೆ ಯಾವ ದಿನದಿಂದ ಜಾರಿಗೆ ಬರುತ್ತದೆ ಎಂದು ಗಾದೆ ಕಟ್ಟಿದವರು ಹೇಳಿಲ್ಲ. ಮಗು ಕೈಗೆ ಬಂದ ಗಳಿಗೆಯಿಂದಲೇ ಎಂದು ನಾವು ಅಂದುಕೊಂಡಿದ್ದೇವೆ. ಸಿನಿಮಾದಲ್ಲಿ ಹಾಗೇ ಆಗುತ್ತದೆ. ಒಂದು ಚೀರು, ಒಂದು ಅಳು, ದೀಪ, ತಾಯಿಯ ಕಣ್ಣಂಚಿನಲ್ಲಿ ಹನಿ. ವಾರ್ಡಿನಲ್ಲಿ ಕೆಲವರಿಗೆ ನಿಜಕ್ಕೂ ಹಾಗೇ ಆಗುತ್ತದೆ, ನಾನು ಕಂಡಿದ್ದೇನೆ. ಇನ್ನು ಕೆಲವರು ಮಗುವನ್ನು ತೋರಿಸಿದಾಗ ಕೇಳುವುದು, "ಸಿಸ್ಟರ್, ಕುಡಿಯಕ್ಕೆ ನೀರು ಸಿಗುತ್ತಾ?" ಹದಿನಾಲ್ಕು ಗಂಟೆ ಬೇನೆ ತಿಂದವಳಿಗೆ ಮೊದಲು ಬೇಕಾಗುವುದು ನೀರು.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನ್ನಿಕಾಟ್ ಎಂಬ ಮಕ್ಕಳ ವೈದ್ಯ ಇದ್ದರು, ಮನೋವಿಶ್ಲೇಷಕರೂ ಹೌದು. 1949ರಲ್ಲಿ ಅಚ್ಚಾದ ಒಂದು ಲೇಖನದಲ್ಲಿ ಅವರು, ಸಾಮಾನ್ಯ ತಾಯಿಯೊಬ್ಬಳಿಗೆ ತನ್ನ ಕೂಸಿನ ಮೇಲೆ ದ್ವೇಷ ಹುಟ್ಟಲು ಇರುವ ಕಾರಣಗಳನ್ನು ಪಟ್ಟಿ ಮಾಡಿದ್ದಾರೆ. ಹದಿನೆಂಟು ಕಾರಣಗಳು! ನಿವೃತ್ತಿಗೆ ಸ್ವಲ್ಪ ಮುಂಚೆ ಒಂದು ತರಬೇತಿಯಲ್ಲಿ ಈ ಸಂಗತಿ ಕೇಳಿದಾಗ ನಮ್ಮಲ್ಲಿ ಅರ್ಧ ಜನ ನಕ್ಕರು, ಇನ್ನರ್ಧ ಜನ ನೆಲ ನೋಡಿದರು. ವಿನ್ನಿಕಾಟ್ ತಾಯಂದಿರನ್ನು ಬೈಯಲು ಅದನ್ನು ಬರೆದದ್ದಲ್ಲ. ಇಷ್ಟೆಲ್ಲ ಇದ್ದೂ ಆಕೆ ಅದನ್ನು ಕೂಸಿನ ಮೇಲೆ ತೀರಿಸಿಕೊಳ್ಳದೆ ತಡೆದುಕೊಂಡು ನಿಲ್ಲುತ್ತಾಳಲ್ಲ, ಅದು ಅವರಿಗೆ ಬೆರಗು ತಂದ ಸಂಗತಿ. ಪರಿಪೂರ್ಣ ತಾಯಿ ಬೇಕಿಲ್ಲ, ಸಾಕಾಗುವಷ್ಟು ಒಳ್ಳೆಯವಳಾದರೆ ಆಯಿತು ಎಂದು ಮುಂದೆ ಹೇಳಿದವರೂ ಅವರೇ.

ನಮ್ಮಲ್ಲೂ ಒಂದು ಮಾತಿದೆ. ಹೆರಿಗೆ ಅಂದರೆ ಹೆಣ್ಣಿಗೆ ಮರುಜನ್ಮ. ಸಾವಿನ ಬಾಗಿಲಿಗೆ ಹೋಗಿ ವಾಪಸು ಬರುತ್ತಾಳೆ ಅನ್ನುವ ಅರ್ಥದಲ್ಲಿ ಹಿರಿಯರು ಹೇಳುತ್ತಿದ್ದದ್ದು. ನಾನು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತೇನೆ. ಹೆರಿಗೆ ಕೋಣೆಯಲ್ಲಿ ಒಂದಲ್ಲ, ಎರಡು ಹುಟ್ಟು. ಹೊಸದಾಗಿ ಹುಟ್ಟಿದ ಎರಡನೆಯ ಜೀವಕ್ಕೆ ಇಪ್ಪತ್ತೋ ಮೂವತ್ತೋ ವಯಸ್ಸು ಅಷ್ಟೇ. ಅದಕ್ಕೂ ಕತ್ತು ನಿಲ್ಲುವುದಿಲ್ಲ, ನಿದ್ದೆಯ ಹೊತ್ತು ಗೊತ್ತಿಲ್ಲ, ತನಗೆ ಏನಾಗುತ್ತಿದೆ ಎಂದು ಹೇಳಲು ಮಾತು ಬಾರದು. ಅಮೆರಿಕದ ಮಾನವಶಾಸ್ತ್ರಜ್ಞೆ ಡೇನಾ ರಾಫೇಲ್ 1973ರಲ್ಲಿ ಇದಕ್ಕೆಂದೇ ಮೇಟ್ರೆಸೆನ್ಸ್ ಎಂಬ ಪದ ಕಟ್ಟಿದರು. ಹುಡುಗಿ ಹೆಂಗಸಾಗುವ ಹರೆಯದ ಹಾಗೆ ಹೆಂಗಸು ತಾಯಾಗುವುದಕ್ಕೂ ಒಂದು ಕಾಲ ಹಿಡಿಯುತ್ತದೆ ಎಂಬುದು ಅವರ ಮಾತಿನ ತಿರುಳು. ಹರೆಯದಲ್ಲಿ ಮೊಡವೆ ಬಂದರೆ, ಸಿಟ್ಟು ಬಂದರೆ, ವಯಸ್ಸು ಬಿಡಿ ಅನ್ನುತ್ತೇವೆ. ಬಾಣಂತಿಗೆ ಆ ರಿಯಾಯಿತಿ ಇಲ್ಲ.

ಹೀಗೆ ಹೇಳಿದರೆ ನಮ್ಮ ಹಿರಿಯರಿಗೆ ಅನ್ಯಾಯ ಮಾಡಿದ ಹಾಗಾದೀತು. ನಾನು ಕಂಡ ಮಟ್ಟಿಗೆ, ಹೆತ್ತವಳು ಸರಿಯಿಲ್ಲ, ಅವಳನ್ನು ಹಿಡಿದುಕೊಳ್ಳಬೇಕು ಎಂದು ಅರಿತೇ ಬಾಣಂತನ ಎಂಬ ಏರ್ಪಾಟನ್ನು ಕಟ್ಟಿದ್ದಾರೆ. ಬೆಳಗಿನ ಜಾವ ಹಂಡೆಗೆ ಉರಿ ಹಾಕುವವರು ಒಬ್ಬರು. ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿ ಇನ್ನೊಬ್ಬಳು. ಅವಳು ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಬಿಸಿನೀರು ಹುಯ್ಯುವಾಗ ನನ್ನ ನರ್ಸ್ ಜೀವ ಬಾಯಿಗೆ ಬರುತ್ತಿತ್ತು. ಆಮೇಲೆ ಕೆಂಡದ ಮೇಲೆ ಓಮ, ಬೆಳ್ಳುಳ್ಳಿ ಸಿಪ್ಪೆ, ಸಾಂಬ್ರಾಣಿ. ಮೆಣಸಿನ ಸಾರು, ತುಪ್ಪ, ಸಬ್ಬಸಿಗೆ ಸೊಪ್ಪು. ಹೊಟ್ಟೆಗೆ ಹಳೆ ಸೀರೆ ಸುತ್ತಿ ಬಿಗಿಯುವುದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಕೂಸು ಹಾಲಿಗೆ ಮಾತ್ರ ನನ್ನ ಕೈಗೆ ಬರುತ್ತಿತ್ತು, ಉಳಿದ ಹೊತ್ತು ಯಾರದೋ ಕೈಯಲ್ಲಿ ಇರುತ್ತಿತ್ತು. ಮೂರು ತಿಂಗಳು ಹೀಗೆ.

ಇದರಲ್ಲಿ ಎರಡು ಸರಕು ಒಂದೇ ಗಂಟಿನಲ್ಲಿ ಇದ್ದವು. ಒಂದು ಕೈಗಳು. ಇನ್ನೊಂದು ಕಟ್ಟಳೆಗಳು. ನೀರು ಜಾಸ್ತಿ ಕುಡಿಯಬೇಡ, ಶೀತ. ಬದನೆಕಾಯಿ ತಿನ್ನಬೇಡ, ನಂಜು. ಓದಬೇಡ, ಕಣ್ಣು. ಕಿಟಕಿ ತೆಗೆಯಬೇಡ, ಗಾಳಿ. ಹಾಲೂಡುವವಳಿಗೆ ಬಾಯಾರಿಕೆ ಹೇಗಿರುತ್ತದೆ ಎಂದು ಬಲ್ಲವರಿಗೇ ಗೊತ್ತು. ನಾನು ರಾತ್ರಿ ಕದ್ದು ಚೊಂಬು ಎತ್ತುತ್ತಿದ್ದೆ. ಒಂದು ದಿನ ಅಮ್ಮನೇ ಕಂಡು, ಏನೂ ಅನ್ನದೆ, ಮರುದಿನದಿಂದ ತಲೆದೆಸೆಗೆ ಒಂದು ತಂಬಿಗೆ ಕಾಯಿಸಿ ಆರಿಸಿದ ನೀರು ಇಡತೊಡಗಿದಳು. ಹಗಲು ಬಂದವರ ಮುಂದೆ ಮಾತ್ರ "ನೀರು ಕೊಡಲ್ಲಪ್ಪ" ಅನ್ನುತ್ತಿದ್ದಳು.

ಕೈಗಳು ಇದ್ದಾಗ ಕಟ್ಟಳೆಗಳನ್ನು ಸಹಿಸಿಕೊಳ್ಳಬಹುದಿತ್ತು. ಕಳೆದ ಮೂವತ್ತು ವರ್ಷದಲ್ಲಿ ನಾನು ಕಂಡದ್ದು, ಗಂಟು ಬಿಚ್ಚಿಹೋದದ್ದು. ಕೈಗಳು ಚದುರಿದವು. ಅತ್ತಿಗೆ ಗಾರ್ಮೆಂಟ್ಸ್‌ಗೆ ಹೋದಳು, ಚಿಕ್ಕಮ್ಮ ಬೆಂಗಳೂರು ಸೇರಿದಳು, ನೀರು ಹಾಕುವ ಅಜ್ಜಿ ಸತ್ತಳು, ಅವಳ ಮಗಳು ಆ ಕೆಲಸ ಕಲಿಯಲಿಲ್ಲ. ಕಟ್ಟಳೆಗಳಿಗೆ ಮಾತ್ರ ಬಸ್ ಚಾರ್ಜ್ ಬೇಕಿಲ್ಲ, ಫೋನಿನಲ್ಲಿ ಬರುತ್ತವೆ. ಎರಡು ಕೋಣೆಯ ಫ್ಲಾಟಿನಲ್ಲಿ ಸಿಸೇರಿಯನ್ ಹೊಲಿಗೆ ಹಿಡಿದುಕೊಂಡು ಒಬ್ಬಳೇ ಕೂತವಳಿಗೆ ಊರಿಂದ ಕರೆ: "ತಲೆಗೆ ಬಟ್ಟೆ ಕಟ್ಕೊಂಡಿದೀಯಾ?" ಕಟ್ಟುವ ಕೈ ಮುನ್ನೂರು ಕಿಲೋಮೀಟರ್ ದೂರದಲ್ಲಿದೆ. ಈಗ ನಗರಗಳಲ್ಲಿ ತಿಂಗಳ ಲೆಕ್ಕದಲ್ಲಿ ಬಾಣಂತನ ಮಾಡಲು ಹೆಂಗಸರು ಸಿಗುತ್ತಾರೆ. ಕೊಡಬಲ್ಲವರಿಗೆ ಅದು ವರವೇ. ಆ ಹೆಂಗಸಿನ ಮಗಳ ಬಾಣಂತನ ಯಾರು ಮಾಡಿದರು ಎಂದು ಮಾತ್ರ ಕೇಳಬೇಡಿ.

ಅಂಕಿಗಳನ್ನು ಕೊಂಚ ಹೇಳಲೇಬೇಕು, ನಮ್ಮ ಇಲಾಖೆಯ ಮೇಲೆ ನನಗೆ ಅಭಿಮಾನವಿದೆ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಅದು 69ಕ್ಕೆ ಇಳಿದಿತ್ತು. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲೇ ಆಗಿವೆ. ಪಾವಗಡದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷದ ಕೊನೆಗೆ ತೀರಿಕೊಂಡರು. ಆ ತಲೆಮಾರಿಗೆ ನಮಸ್ಕಾರ. ಆದರೆ ರಕ್ತಸ್ರಾವ ನಿಲ್ಲದಿದ್ದಾಗ ಆಸ್ಪತ್ರೆಗೆ ಸಮ ಯಾವುದೂ ಇಲ್ಲ. ತಾಯಿ ಕಾರ್ಡು, 108 ಗಾಡಿ, ಆಶಾ ಕಾರ್ಯಕರ್ತೆ, 2007ರಲ್ಲಿ ಬಂದ ಮಡಿಲು ಕಿಟ್ಟು, ಎಲ್ಲ ಸೇರಿ ತಾಯಂದಿರ ಸಾವನ್ನು ಇಳಿಸಿದವು. ಆ ಕಿಟ್ಟಿನಲ್ಲಿ ಸೊಳ್ಳೆಪರದೆ, ಸೋಪಿನ ಜೊತೆಗೆ ಬಾಣಂತಿ ಹೊಟ್ಟೆಗೆ ಸುತ್ತಿಕೊಳ್ಳುವ ಬಟ್ಟೆಯೂ ಇತ್ತು. ಯಾರೋ ಅಧಿಕಾರಿಗೆ ತನ್ನ ಅಜ್ಜಿ ನೆನಪಾಗಿರಬೇಕು.

ತಾಯಿ ಬದುಕಿದಳು. ಸಹಜ ಹೆರಿಗೆಯಾದರೆ ಈಗ ಎರಡು ದಿನಕ್ಕೆ ಡಿಸ್ಚಾರ್ಜ್. ಮೂರನೆಯ ದಿನ ಏನಾಗುತ್ತದೆ ಎಂಬುದನ್ನು ನೋಡಲು ನಾವು ಅಲ್ಲಿ ಇರುವುದಿಲ್ಲ.

ಮೂರನೆಯ ದಿನ ಎದೆ ಕಟ್ಟುತ್ತದೆ. ಕಲ್ಲಿನ ಹಾಗೆ ಗಟ್ಟಿ, ಮುಟ್ಟಿದರೆ ನೋವು, ಮೈ ಬೆಚ್ಚಗೆ. ಹಾಲೂಡುವುದು ಬೆಕ್ಕಿಗೂ ಬರುತ್ತದೆ, ನನಗೇಕೆ ಬರಬಾರದು ಎಂದುಕೊಂಡವಳಿಗೆ ಮೊದಲ ಆಘಾತ ಇದು. ಅದು ತಾನಾಗಿ ಬರುವ ವಿದ್ಯೆಯಲ್ಲ, ಇಬ್ಬರೂ ಕಲಿಯಬೇಕು, ಇಬ್ಬರಲ್ಲಿ ಒಬ್ಬರಿಗೆ ವಯಸ್ಸು ಮೂರು ದಿನ. ಕೂಸು ತುದಿ ಮಾತ್ರ ಕಚ್ಚಿದರೆ ತೊಟ್ಟು ಬಿರಿಯುತ್ತದೆ. ಬಾಯಿ ದೊಡ್ಡದು ಮಾಡಿಸಿ, ಕಪ್ಪು ಭಾಗವೂ ಬಾಯೊಳಗೆ ಹೋಗುವ ಹಾಗೆ ಹಿಡಿಸಿದರೆ ನೋವು ಇಳಿಯುತ್ತದೆ. ಇಷ್ಟನ್ನು ಪಕ್ಕದಲ್ಲಿ ಕೂತು ತೋರಿಸುವ ಒಬ್ಬರು ಬೇಕು. ಹೊಸ ಕೂಸಿಗೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು. ಒಂದು ಸಲಕ್ಕೆ ಅರ್ಧ ಗಂಟೆ ಎಂದು ಹಿಡಿಯಿರಿ, ಹನ್ನೆರಡು ಸಲಕ್ಕೆ ಆರು ಗಂಟೆಯಾಯಿತು. ನಮ್ಮ ಬೆಳಗಿನ ಶಿಫ್ಟು ಅಷ್ಟೇ ಇತ್ತು, ಮುಗಿದ ಮೇಲೆ ಮನೆಗೆ ಹೋಗುತ್ತಿದ್ದೆವು.

ಮೊದಲೆರಡು ದಿನದ ಹಳದಿ ಹಾಲಿನ ಕತೆ ಇನ್ನೂ ವಿಚಿತ್ರ. ಮನೆಯ ಹಸು ಈದರೆ ಗಿಣ್ಣು ಕಾಯಿಸಿ, ಬೆಲ್ಲ ಏಲಕ್ಕಿ ಹಾಕಿ, ನೆರೆಮನೆಗೂ ಬಟ್ಟಲು ಕಳಿಸುವ ಜನ ನಾವು. ಅದೇ ಜನ ಮನೆಯ ಮಗಳ ಗಿಣ್ಣು ಹಾಲನ್ನು ಕೆಟ್ಟದ್ದು ಎಂದು ಹಿಂಡಿ ಚೆಲ್ಲಿಸಿದ್ದನ್ನು ನಾನು ಎಷ್ಟು ಸಲ ಕಂಡೆನೋ. ಕೂಸಿಗೆ ಜೇನುತುಪ್ಪ, ಸಕ್ಕರೆ ನೀರು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಸಿಕ್ಕ ಮಕ್ಕಳು ದೇಶದಲ್ಲಿ ನೂರಕ್ಕೆ 42ರಷ್ಟು ಮಾತ್ರ ಎಂದು ಮೇಲೆ ಹೇಳಿದ ಅದೇ ಸಮೀಕ್ಷೆ ತೋರಿಸಿದೆ. ಆಸ್ಪತ್ರೆಯಲ್ಲಿ ಹುಟ್ಟಿದರೂ ಹೀಗೆ. ಅಲ್ಲಿ ತಪ್ಪು ಅಜ್ಜಿಯರದ್ದು ಮಾತ್ರ ಎಂದು ನಾನು ಹೇಳಲಾರೆ. ಒಂದು ರಾತ್ರಿಗೆ ಹನ್ನೊಂದು ಹೆರಿಗೆ, ಇಬ್ಬರು ನರ್ಸ್. ಎದೆಗೆ ಹಿಡಿಸಲು ಯಾರು ಕೂರಬೇಕು?

ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಸಾಕಾಗುವುದು ಸಣ್ಣ ಚಮಚದಷ್ಟು ಹಾಲು. ಮೊದಲ ವಾರ ತೂಕ ಸ್ವಲ್ಪ ಇಳಿಯುವುದೂ ಸಹಜ, ಎರಡು ವಾರದೊಳಗೆ ಮರಳಿ ಬರುತ್ತದೆ. ಇದು ಗೊತ್ತಿಲ್ಲದ ಮನೆಯಲ್ಲಿ ಒಂದು ವಾಕ್ಯ ಹುಟ್ಟಿಕೊಳ್ಳುತ್ತದೆ: "ಹಾಲು ಸಾಲ್ತಾ ಇಲ್ವೇನೋ." ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಕೂಸು ನೋಡಲು ಬಂದವರು, ಸಕ್ಕರೆ ಬಾಳೆಹಣ್ಣು ಇಟ್ಟು, ಹಾಗೇ ಅಂದು ಹೋಗುತ್ತಾರೆ. ಬಾಣಂತಿ ಕೋಣೆಯಲ್ಲಿ ಆ ಮಾತು ಉಳಿದುಕೊಳ್ಳುತ್ತದೆ. ತನ್ನ ಮೈಯೇ ತನ್ನ ಮಗುವನ್ನು ಉಪವಾಸ ಕೆಡವುತ್ತಿದೆ ಎಂದು ನಂಬಿಕೊಂಡು ಕೂತ ಹೆಂಗಸಿನ ಎದೆಯಿಂದ ಹಾಲು ಇಳಿಯುವುದೂ ಕಷ್ಟವೇ.

ಅಳುವಿನ ಲೆಕ್ಕವನ್ನು ಅಮೆರಿಕದ ಮಕ್ಕಳ ತಜ್ಞ ಬೆರಿ ಬ್ರೇಜಲ್ಟನ್ 1962ರಲ್ಲೇ ಹಾಕಿದ್ದರು. 80 ಆರೋಗ್ಯವಂತ ಕೂಸುಗಳ ಅಳುವನ್ನು ತಾಯಂದಿರಿಂದಲೇ ಬರೆಸಿದರು. ಎರಡನೇ ವಾರದಲ್ಲಿ ದಿನಕ್ಕೆ ಒಂದೂಮುಕ್ಕಾಲು ಗಂಟೆ ಇದ್ದ ಅಳು ಆರನೇ ವಾರಕ್ಕೆ ಎರಡೂಮುಕ್ಕಾಲು ಗಂಟೆಗೆ ಏರಿ, ಆಮೇಲೆ ತಾನಾಗಿ ಇಳಿಯಿತು. ಅಂದರೆ ಎಲ್ಲ ಸರಿಯಾಗಿ ಮಾಡುತ್ತಾ ಹೋದ ಹಾಗೆ ಅಳು ಜಾಸ್ತಿಯಾಗುತ್ತದೆ! ಕೆಲಸ ಕಲಿತಷ್ಟೂ ಫಲಿತಾಂಶ ಕೆಡುವ ಇಂಥ ನೌಕರಿ ಬೇರೆ ಯಾವುದಿದೆ? ಗರತಿಯರು ತ್ರಿಪದಿಗಳಲ್ಲಿ ಕೂಸಿನ ಅಳುವನ್ನೂ ಚಂದ ಎಂದು ಹಾಡಿಕೊಂಡವರು. ಹಲಸಂಗಿ ಗೆಳೆಯರು ಅಂಥ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತಂದರು. ಆ ಹಾಡುಗಳು ನನಗೆ ಇಷ್ಟ. ಆದರೆ ಅವನ್ನು ಬೀಸುವ ಕಲ್ಲಿನ ಮುಂದೆ ಹಾಡಿದ್ದು. ನಡುರಾತ್ರಿ ಎರಡೂವರೆಗೆ ಯಾರು ಏನು ಹಾಡಿದರು ಎಂಬುದು ಪುಸ್ತಕಕ್ಕೆ ಬಂದಂತಿಲ್ಲ.

ಈಗ ಗೋಡೆ ಕಡೆ ತಿರುಗಿ ಅಳುತ್ತಿದ್ದ ಹುಡುಗಿಯರ ವಿಷಯಕ್ಕೆ ಬರುತ್ತೇನೆ. ಬಸುರಿನಲ್ಲಿ ಏರಿದ್ದ ಹಾರ್ಮೋನುಗಳು ಮಾಸು ಬಿದ್ದ ಮೇಲೆ ಕೆಲವೇ ದಿನದಲ್ಲಿ ಧುಮುಕುತ್ತವೆ. ಮೂರರಿಂದ ಐದನೇ ದಿನದ ಹೊತ್ತಿಗೆ ಕಾರಣವಿಲ್ಲದ ಅಳು ಬರುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ. ಎರಡು ವಾರದಲ್ಲಿ ಅದು ಹೋಗುತ್ತದೆ. ಹೋಗದೆ ಉಳಿದರೆ, ನಿದ್ದೆ ಮಾಡಲು ಬಿಟ್ಟರೂ ನಿದ್ದೆ ಬಾರದಿದ್ದರೆ, ಕೂಸಿನ ಮೇಲಾಗಲಿ ತನ್ನ ಮೇಲಾಗಲಿ ಯಾವ ಆಸೆಯೂ ಹುಟ್ಟದಿದ್ದರೆ, ಅದು ಖಿನ್ನತೆ. ಭಾರತದಲ್ಲಿ ನಡೆದ 38 ಅಧ್ಯಯನಗಳ ಇಪ್ಪತ್ತು ಸಾವಿರ ತಾಯಂದಿರ ಲೆಕ್ಕ ಒಟ್ಟು ಮಾಡಿ, ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟಿಸಿದರು. ನೂರಕ್ಕೆ 22. ನಮ್ಮ ವಾರ್ಡಿನಲ್ಲಿ ಇಪ್ಪತ್ತು ಹಾಸಿಗೆ. ನಾನು ರೌಂಡ್ಸ್ ಹೋದ ಪ್ರತಿ ಬೆಳಗ್ಗೆಯೂ ಅವುಗಳಲ್ಲಿ ನಾಲ್ಕು ಹಾಸಿಗೆಯನ್ನು ನೋಡಿಯೂ ನೋಡದೆ ದಾಟಿದ್ದೇನೆ ಎಂದಾಯಿತು.

ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು 252 ತಾಯಂದಿರನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಹೆಚ್ಚುಕಡಿಮೆ ಇದೇ ಅಂಕಿ, 59 ಮಂದಿ. ಬಡತನ, ಗಂಡನ ಹಿಂಸೆ ಕಾರಣಗಳ ಪಟ್ಟಿಯಲ್ಲಿದ್ದವು. ಹೆಣ್ಣು ಹುಟ್ಟಿತಲ್ಲ ಎಂಬ ನಿರಾಸೆಯೂ ಇತ್ತು. ಅದಕ್ಕೆ ನಾನೇ ಸಾಕ್ಷಿ. ಹೆರಿಗೆ ಕೋಣೆಯ ಬಾಗಿಲು ತೆರೆದು ಹೊರಗೆ ಬಂದು "ಹೆಣ್ಣು ಮಗು" ಅಂದಾಗ, ಅತ್ತೆ ಒಂದು ಗಳಿಗೆ ಸುಮ್ಮನಿದ್ದು ಹೇಳುತ್ತಾಳೆ: "ಲಕ್ಷ್ಮಿ ಬಂದ್ಲು ಬಿಡಿ." ಆ "ಬಿಡಿ"ಯನ್ನು ಕೇಳಿಸಿಕೊಳ್ಳಿ. ಗಂಡು ಹುಟ್ಟಿದಾಗ ಯಾರೂ "ನಾರಾಯಣ ಬಂದ ಬಿಡಿ" ಅಂದದ್ದನ್ನು ನಾನು ಮೂವತ್ತೆಂಟು ವರ್ಷದಲ್ಲಿ ಕೇಳಿಲ್ಲ. ಒಳಗೆ ಮಲಗಿದವಳಿಗೆ ಬಾಗಿಲಿನಾಚೆಯ ಆ ಒಂದು ಗಳಿಗೆಯ ಮೌನ ಚೆನ್ನಾಗಿ ಕೇಳಿಸುತ್ತದೆ.

ಇದಕ್ಕಿಂತ ಬಿರುಸಾದದ್ದು ಸಾವಿರ ಹೆರಿಗೆಗೆ ಒಂದೋ ಎರಡೋ. ಹಳಬರು ಅದನ್ನು ಬಾಣಂತಿ ಸನ್ನಿ ಅನ್ನುತ್ತಿದ್ದರು. ನಿದ್ದೆ ಹೋಗುತ್ತದೆ, ಮಾತು ದಿಕ್ಕು ತಪ್ಪುತ್ತದೆ, ಕೂಸು ತನ್ನದಲ್ಲ ಅನ್ನುತ್ತಾಳೆ, ಯಾರೋ ಕರೆದ ಹಾಗೆ ಕೇಳುತ್ತದೆ. ಇದು ಒಂದು ದಿನವೂ ಕಾಯಬಾರದ ಕಾಯಿಲೆ, ಸರಿಯಾದ ಚಿಕಿತ್ಸೆಗೆ ಬಗ್ಗುವ ಕಾಯಿಲೆಯೂ ಹೌದು. ಕನ್ನಡಿಗರಿಗೆ ಇದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ತ್ರಿವೇಣಿ 'ಶರಪಂಜರ' ಕಾದಂಬರಿ ಬರೆದಿದ್ದಾರೆ. ಎಪ್ಪತ್ತರ ದಶಕದ ಆರಂಭದಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ತೆರೆಗೆ ತಂದರು, ಕಲ್ಪನಾ ಕಥಾನಾಯಕಿ ಕಾವೇರಿಯಾದರು. ಹೆರಿಗೆಯ ಬೆನ್ನಿಗೆ ಬಂದ ಕಾಯಿಲೆ ಆಸ್ಪತ್ರೆಯಲ್ಲಿ ಗುಣವಾಗುತ್ತದೆ, ಮನೆಗೆ ಬಂದವಳನ್ನು ಮನೆಯೇ ಗುಣವಾಗಲು ಬಿಡುವುದಿಲ್ಲ. ನಾವು ಆ ಸಿನಿಮಾ ನೋಡಿ ಅತ್ತೆವು, ಹಾಡು ಬಾಯಿಪಾಠ ಮಾಡಿದೆವು. ಪಕ್ಕದ ಮನೆಯ ಬಾಣಂತಿ ಮಂಕಾಗಿ ಕೂತರೆ ಗಾಳಿ ಸೋಕಿದೆ ಅಂದೆವು. ತ್ರಿವೇಣಿಯವರು 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಈ ಸಂಗತಿ ನೆನಪಾದಾಗಲೆಲ್ಲ ನಾನು ಆ ಕಾದಂಬರಿಯನ್ನು ಬೇರೆ ಥರ ಓದುತ್ತೇನೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಿಭಾಗವಿದೆ. ದೇಶದಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿ ಕಾಯಿಲೆಯಾದ ತಾಯಿಯಿಂದ ಕೂಸನ್ನು ಕಿತ್ತುಕೊಳ್ಳುವುದಿಲ್ಲ, ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುತ್ತಾರೆ. ಡಾ. ಪ್ರಭಾ ಚಂದ್ರ ಅವರು ಕಟ್ಟಿದ ಕೆಲಸ ಅದು. ಎಡಿನ್‌ಬರೋ ಪ್ರಶ್ನಾವಳಿ ಎಂದು ಹತ್ತು ಪ್ರಶ್ನೆಗಳ ಒಂದು ಹಾಳೆ 1987ರಿಂದ ಜಗತ್ತಿನಲ್ಲಿ ಓಡಾಡುತ್ತಿದೆ. ನಗು ಬರುತ್ತದೆಯೇ, ನಿದ್ದೆ ಬರುತ್ತದೆಯೇ, ಸುಮ್ಮಸುಮ್ಮನೆ ತನ್ನನ್ನೇ ಬೈದುಕೊಳ್ಳುತ್ತಾಳೆಯೇ, ಹೀಗೆ. ಐದು ನಿಮಿಷದ ಕೆಲಸ. 1987 ಅಂದರೆ ನನ್ನ ಹೆರಿಗೆಗೆ ಒಂದು ವರ್ಷ ಮೊದಲು. ಆ ಹಾಳೆ ನನ್ನ ಕೈಗೆ ಬರಲು ಮೂವತ್ತು ವರ್ಷ ಹಿಡಿಯಿತು.

ಕೆಲಸಕ್ಕೆ ಹೋಗುವವರ ಬಗ್ಗೆ ಎರಡು ಮಾತು. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಬಂದು, ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದಾಯಿತು. ಕಾಫಿ ಕಣದಲ್ಲಿ, ಮನೆಗೆಲಸದಲ್ಲಿ, ಗಾರೆ ಕೆಲಸದಲ್ಲಿ ಇರುವ ಎಷ್ಟೋ ಹೆಂಗಸರಿಗೆ ಆ ರಜೆ ಕೈಗೆ ಸಿಗುವುದೇ ಇಲ್ಲ. ನಮ್ಮ ವಾರ್ಡಿಗೆ ಬಂದ ಒಬ್ಬ ತೋಟದ ಹುಡುಗಿ, ಹತ್ತೊಂಬತ್ತು ಇರಬಹುದು, ಡಿಸ್ಚಾರ್ಜ್ ದಿನ ನನ್ನನ್ನು ಕೇಳಿದ್ದು ಒಂದೇ: "ಸಿಸ್ಟರ್, ಬಗ್ಗಿ ಕೆಲಸ ಮಾಡಿದ್ರೆ ಹೊಲಿಗೆ ಬಿಚ್ಚುತ್ತಾ?" ಎಷ್ಟು ದಿನ ಬಿಟ್ಟು ಎಂದು ನಾನು ಕೇಳಿದೆ. "ಸೋಮವಾರ" ಅಂದಳು. ಅವತ್ತು ಗುರುವಾರ.

2023ರಲ್ಲಿ ನನ್ನ ಆ ಮಗಳದ್ದೇ ಚೊಚ್ಚಲ ಹೆರಿಗೆ, ಐರ್ಲೆಂಡಿನ ಡಬ್ಲಿನ್‌ನಲ್ಲಿ. ನನಗೆ ಸಿಕ್ಕಿದ್ದು ತೊಂಬತ್ತು ದಿನದ ವೀಸಾ. ಮೂರು ತಿಂಗಳ ಬಾಣಂತನಕ್ಕೆ ಹೇಳಿ ಮಾಡಿಸಿದ ಹಾಗೆ ಎಂದು ಅಳಿಯಂದಿರು ನಕ್ಕರು. ಸೂಟ್‌ಕೇಸಿನಲ್ಲಿ ಮೆಣಸಿನ ಪುಡಿ, ಒಣಶುಂಠಿ, ಅಂಟಿನುಂಡೆ, ಬಜೆ ಬೇರು. ಸಾಂಬ್ರಾಣಿ ಒಯ್ದಿದ್ದೆ, ಹಾಕಲಾಗಲಿಲ್ಲ, ಹೊಗೆ ಎದ್ದರೆ ಗಂಟೆ ಹೊಡೆಯುವ ಯಂತ್ರ ಸೂರಿನಲ್ಲಿತ್ತು. ಮಗಳು ಆಸ್ಪತ್ರೆಯಿಂದ ಮನೆಗೆ ಬಂದ ಎರಡನೇ ದಿನವೇ ಆ ಊರಿನ ಸರ್ಕಾರಿ ನರ್ಸ್ ಒಬ್ಬಾಕೆ ಬಾಗಿಲು ತಟ್ಟಿದಳು. ಅಲ್ಲಿ ಅದು ಪದ್ಧತಿ, ಆಸ್ಪತ್ರೆ ಬಿಟ್ಟ 72 ಗಂಟೆಯೊಳಗೆ ಬಂದು ನೋಡಬೇಕು. ನಮ್ಮ ಆಶಾ ಕಾರ್ಯಕರ್ತೆಯೂ ಮನೆಗೆ ಬರುತ್ತಾಳೆ, ಕೂಸಿನ ತೂಕ, ಜ್ವರ ನೋಡುತ್ತಾಳೆ. ಈಕೆ ಕೂಸನ್ನು ಆಮೇಲೆ ನೋಡಿದಳು. ಮೊದಲು ಸೋಫಾದ ಮೇಲೆ ನನ್ನ ಮಗಳ ಪಕ್ಕ ಕೂತು, ನೀನು ಹೇಗಿದ್ದೀಯ ಎಂದು ಕೇಳಿ, ಸುಮ್ಮನೆ ಕಾದಳು. ಮಗಳು ಚೆನ್ನಾಗಿದೀನಿ ಅಂದಳು. ನರ್ಸ್ ಇನ್ನೂ ಕಾದಳು. ಮಗಳು ಅಳತೊಡಗಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದೆ. ಎರಡು ದಿನದಿಂದ ಒಂದೇ ಸೂರಿನಡಿ ಇದ್ದ ನಾನು, ಮೂವತ್ತೆಂಟು ವರ್ಷದ ಅನುಭವದವಳು, ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಹಾಲು ಸಾಲುತ್ತಿದೆಯಾ ಎಂದು ಮಾತ್ರ ಎರಡು ಸಲ ಕೇಳಿದ್ದೆ.

ಮೂರನೇ ವಾರದ ಒಂದು ರಾತ್ರಿ. ಹೊರಗೆ ಮಳೆ. ಅಲ್ಲಿ ಸದಾ ಮಳೆ. ಅಳಿಯಂದಿರ ಎರಡು ವಾರದ ರಜೆ ಮುಗಿದು ಅವರು ಮಾರನೇ ದಿನದ ಕೆಲಸಕ್ಕೆ ಮಲಗಿದ್ದರು. ಕೂಸು ಒಂದು ಗಂಟೆಯಿಂದ ಅಳುತ್ತಿತ್ತು. ಮಗಳು ನನ್ನ ಕಡೆ ನೋಡದೆ ಕೇಳಿದಳು, "ಅಮ್ಮಾ, ನಿಂಗೆ ನನ್ನ ಮೇಲೆ ಯಾವಾಗ ಪ್ರೀತಿ ಬಂತು?"

ಹುಟ್ಟಿದ ತಕ್ಷಣ ಅಂತ ಹೇಳಬಹುದಿತ್ತು. ನಾನು ಒಂಬತ್ತನೇ ರಾತ್ರಿಯ ಲಾಟೀನು, ಡ್ಯೂಟಿ, ಚಾರ್ಜು ಎಲ್ಲ ಹೇಳಿದೆ. ಮೂವತ್ತೈದು ವರ್ಷದಲ್ಲಿ ಮೊದಲ ಸಲ ಹೇಳಿದ್ದು. ಆಮೇಲೆ ಎರಡನೇ ತಿಂಗಳಲ್ಲಿ ಒಂದು ದಿನ ಜಗುಲಿಯಲ್ಲಿ ಸಬ್ಬಸಿಗೆ ಸೊಪ್ಪು ಸೋಸುತ್ತಾ ಕೂತಿದ್ದೆ, ಪಕ್ಕದ ಮೊರದಲ್ಲಿ ಬಟ್ಟೆ ಹಾಸಿ ಮಲಗಿಸಿದ್ದ ನೀನು ಸೀನಿದೆ, ಸೀನಿ ನಿನ್ನ ಸೀನಿಗೆ ನೀನೇ ಬೆಚ್ಚಿದೆ, ನನಗೆ ನಗು ಬಂತು, ಅವತ್ತಿಂದ ಇರಬೇಕು ಅಂದೆ.

"ಅಷ್ಟು ದಿನ ಹಿಡೀತಾ?" ಅಂದಳು. ಸ್ವಲ್ಪ ಬೇಜಾರಾದ ಹಾಗೇ ಕಂಡಿತು. ಸ್ವಲ್ಪ ಹೊತ್ತು ಮಳೆ ನೋಡುತ್ತಾ ಕೂತಿದ್ದಳು. ಆಮೇಲೆ ಅಳುತ್ತಿದ್ದ ಕೂಸನ್ನು ನನ್ನ ಕೈಗೆ ಕೊಟ್ಟು, ಹೊದ್ದುಕೊಂಡು ಮಲಗಿದಳು.